ನಂಬದವಳ ಮೇಣದಬತ್ತಿ

"ಅವತ್ತು ನೋಡಿದ್ವಲ್ಲ, ಆ ಅಮ್ಮನ ಗುಡಿಗೆ ಹೋಗು. ಹನ್ನೊಂದು ಮೇಣಬತ್ತಿ ಹಚ್ಚಿ ಬಾ. ನಾ ಬೇಡಿಕೊಂಡಿದ್ದೆ."

ಫೋನಿನ ಆ ಕಡೆ ಅವ್ವ. ಕಳಸಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದಾಳೆಂದು ಹಿಂದೆ ಕೇಳುತ್ತಿದ್ದ ಟ್ರ್ಯಾಕ್ಟರಿನ ಸದ್ದೇ ಹೇಳುತ್ತಿತ್ತು. ನಾನು ಇಲ್ಲಿ, ಮಂಗಳೂರಿನಲ್ಲಿ, ಗ್ರಂಥಾಲಯದ ಮೆಟ್ಟಿಲ ಮೇಲೆ. ಹೂಂ ಅಂದೆ. ಫೋನಿಟ್ಟ ಮೇಲೆ ಇದೆಂಥ ಕೆಲಸ ತಲೆಗೆ ಬಂತು ಎನಿಸಿತು.

ಹಿಂದಿನ ತಿಂಗಳು ಅವ್ವನ ಎದೆಯಲ್ಲಿ ಒಂದು ಗಂಟು ಸಿಕ್ಕಿತ್ತು. ನಾನಿರುವ ಊರೇ ವಾಸಿ ಎಂದು ಇಲ್ಲಿಗೇ ಕರೆಸಿಕೊಂಡೆ. ಸೂಜಿ ಚುಚ್ಚಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರಲು ನಾಲ್ಕು ದಿನ. ಗೆಳತಿಯ ಚಿಕ್ಕಮ್ಮ ತಮ್ಮ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟರು. ಆ ನಾಲ್ಕು ದಿನ ಕೋಣೆಯಲ್ಲಿ ಕೂತರೆ ಇಬ್ಬರಿಗೂ ಹುಚ್ಚು ಹಿಡಿಯುತ್ತದೆಂದು ಅವ್ವನನ್ನು ಹೊರಗೆ ಕರೆದುಕೊಂಡು ಹೋದೆ. ಗೆಳತಿಯ ಮನೆಯವರು ಕ್ಯಾಥೊಲಿಕರು. ನೋಡಲೇಬೇಕಾದ ಇಗರ್ಜಿಗಳ ಪಟ್ಟಿಯನ್ನು ಅವರೇ ಕೊಟ್ಟರು. ಹೀಗೆ ಕಪ್ಪತಗುಡ್ಡದ ಸೀಮೆಯಿಂದ ಬಂದ ಒಬ್ಬ ಲಿಂಗವಂತ ಹೆಂಗಸು, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಕಟ್ಟಿಕೊಂಡೇ, ಮಂಗಳೂರಿನ ಹಳೆಯ ಚರ್ಚುಗಳನ್ನು ಒಂದೊಂದಾಗಿ ನೋಡಿದಳು.

ವರದಿ ಬಂತು. ಗಂಟು ಕೆಟ್ಟದ್ದಲ್ಲ. ಅವ್ವ ಊರಿಗೆ ಹೋದಳು. ಈಗ ಹರಕೆಯ ಫೋನು.

ನಾನು ದೇವರನ್ನು ನಂಬುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ವಾದಕ್ಕೂ ಅಲ್ಲ. ಬಿಎ ಎರಡನೇ ವರ್ಷದಲ್ಲಿ ಒಂದು ದಿನ ಕೈ ಮುಗಿಯುವಾಗ ನಾನು ಯಾರಿಗೂ ಏನೂ ಹೇಳುತ್ತಿಲ್ಲ ಎನ್ನುವುದು ತಿಳಿಯಿತು. ಆಮೇಲೆ ಮುಗಿಯಲಾಗಲಿಲ್ಲ, ಅಷ್ಟೇ. ಮನೆಯಲ್ಲಿ ಪೂಜೆಯ ಹೊತ್ತಿಗೆ ಅಡುಗೆಮನೆಗೆ ಹೋಗುತ್ತೇನೆ. ಅವ್ವ ಕೇಳುವುದನ್ನು ಬಿಟ್ಟಿದ್ದಾಳೆ. ಈಗ ನಾನು ನಂಬದ ದೇವರಿಗೆ, ಅವ್ವನದೂ ಅಲ್ಲದ ಧರ್ಮದ ಗುಡಿಯಲ್ಲಿ, ಅವ್ವ ಕೊಟ್ಟ ಮಾತನ್ನು ನಾನು ಸಲ್ಲಿಸಬೇಕು. ಸಲ್ಲಿಸಿದರೆ ಅದು ನಟನೆಯೇ? ಹಚ್ಚಿದೆ ಎಂದು ಸುಮ್ಮನೆ ಸುಳ್ಳು ಹೇಳಿದರೆ ಯಾರಿಗೆ ನಷ್ಟ? ಮೇಣದ ಲೆಕ್ಕದಲ್ಲಿ ನೋಡಿದರೆ ಲಾಭವೇ.

ಮೊದಲು ಹೋದದ್ದು ರೊಸಾರಿಯೊಗೆ. 1568ರಲ್ಲಿ ಪೋರ್ಚುಗೀಸರು ಮೊದಲು ಕಟ್ಟಿದ ಇಗರ್ಜಿ. ಈಗ ನಿಂತಿರುವುದು ಬಹಳ ಈಚಿನ ಕಟ್ಟಡ. ಅದರ ಗುಮ್ಮಟ ನೋಡಿ ಅವ್ವ, "ಬಿಜಾಪುರದ್ದ ಇದಕ್ಕಿಂತ ದೊಡ್ಡದು" ಎಂದು ತೀರ್ಪು ಕೊಟ್ಟಳು. ಒಳಗೆ ಹೋದವಳೇ ಚಪ್ಪಲಿ ಎಲ್ಲಿ ಬಿಡಬೇಕೆಂದು ಹುಡುಕಿದಳು. ಎಲ್ಲರೂ ಮೆಟ್ಟಿಕೊಂಡೇ ಕೂತಿದ್ದರು. ಅವ್ವ ಮಾತ್ರ ಚಪ್ಪಲಿ ಕಳಚಿ ಬಗಲಚೀಲದಲ್ಲಿಟ್ಟುಕೊಂಡಳು. ಕೈ ಮುಗಿದಳು. ನಾನು ಫೋನು ತೆಗೆದು ಕಮಾನುಗಳ ಚಿತ್ರ ಹಿಡಿದೆ. ಒಂದು ಚಿತ್ರದಲ್ಲಿ ಮುಂದಿನ ಬೆಂಚಿನಲ್ಲಿ ಮೊಣಕಾಲೂರಿ ಅಳುತ್ತಿದ್ದ ಒಬ್ಬ ಹೆಂಗಸಿನ ಬೆನ್ನು ಬಂದಿತ್ತು. ಬೆಳಕು ಚೆನ್ನಾಗಿತ್ತು. ಅದನ್ನು ಅಳಿಸಲಿಲ್ಲ; ರಾತ್ರಿ ಗೆಳತಿಗೆ ತೋರಿಸಿದೆ. ಅವಳು ಒಂದು ಕ್ಷಣ ನೋಡಿ, "ನಿನ್ನ ಅಮ್ಮ ಆಸ್ಪತ್ರೆಯಲ್ಲಿ ಅಳುವಾಗ ಯಾರಾದರೂ ಹೀಗೆ ತೆಗೆದರೆ?" ಎಂದಳು. ಅಳಿಸಿದೆ. ಕಮಾನುಗಳ ಚಿತ್ರಗಳನ್ನೂ ಯಾಕೋ ಮತ್ತೆ ತೆರೆಯಲಿಲ್ಲ.

ಸ್ಪೇನಿನ ಸೆವಿಲ್ ನಗರದ ಕೆಥೆಡ್ರಲ್ಲಿಗೆ ಎರಡು ಬಗೆಯ ಪ್ರವೇಶವಿದೆ: ಪ್ರವಾಸಿಗಳಿಗೆ ಟಿಕೆಟ್ಟಿನದು, ಪ್ರಾರ್ಥನೆಗೆ ಬರುವವರಿಗೆ ಬೇರೆ, ಹಣವಿಲ್ಲದ್ದು. ಹಿಂದೆ ಮಸೀದಿಯಿದ್ದ ಜಾಗ ಅದು. ಅದರ ಮಿನಾರವೇ ಈಗ ಗಂಟೆಗೋಪುರ. ಅಲ್ಲಿಗೆ ಹೋದರೆ ನನ್ನದು ಯಾವ ಬಾಗಿಲೆಂಬುದರಲ್ಲಿ ಅನುಮಾನವಿಲ್ಲ. ಅವ್ವನದು ಯಾವುದು? ಅವಳು ಕ್ರೈಸ್ತಳಲ್ಲ, ಪ್ರವಾಸಿಯೂ ಅಲ್ಲ. ಟಿಕೆಟ್ಟು ಕೊಡುವವನಿಗೆ ತಲೆನೋವು.

ಎರಡನೇ ದಿನ ಹಂಪನಕಟ್ಟೆಯ ಮಿಲಾಗ್ರಿಸ್. ಪವಾಡಗಳ ಮಾತೆಯ ಇಗರ್ಜಿ. ಅವ್ವ ಹೇಳಿದ 'ಅಮ್ಮನ ಗುಡಿ' ಇದೇ. 1680ರಲ್ಲಿ ಬಿಷಪ್ ಥಾಮಸ್ ದೆ ಕಾಸ್ತ್ರೊ ಇದನ್ನು ಸ್ಥಾಪಿಸಿದ್ದು. ನೆಲ ಕೊಟ್ಟವಳು ರಾಣಿ ಚೆನ್ನಮ್ಮ ಎಂದು ಅವ್ವನಿಗೆ ಹೇಳಿದೆ. ಅವಳ ಮುಖ ಅರಳಿತು.

"ನಮ್ಮ ಕಿತ್ತೂರ ಚೆನ್ನಮ್ಮನ?"

"ಅಲ್ಲಬೇ, ಕೆಳದಿ ಚೆನ್ನಮ್ಮ. ಆಕಿ ಇಕಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲಿನಾಕಿ."

"ಯಾರಾದ್ರ ಏನು, ಲಿಂಗವಂತರಾಕಿ ಹೌದಿಲ್ಲೋ?"

ಹೌದು. ಕೆಳದಿಯ ಅರಸರು ವೀರಶೈವರು. ಕರಾವಳಿಯ ಬಂದರುಗಳಲ್ಲಿ ಪೋರ್ಚುಗೀಸರೊಡನೆ ಅಕ್ಕಿ, ಮೆಣಸಿನ ವ್ಯಾಪಾರವಿತ್ತು; ಇಗರ್ಜಿಗೆ ನೆಲ ಕೊಡುವುದರಲ್ಲಿ ರಾಜಕೀಯದ ಜಾಣತನವೂ ಇದ್ದೀತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಚೆನ್ನಮ್ಮನಿಗೆ ಪವಾಡಗಳ ಮಾತೆಯಲ್ಲಿ ನಂಬಿಕೆ ಇರಲಾರದು. ಆದರೂ ಆ ನೆಲದ ಮೇಲೆ ಮುನ್ನೂರು ನಲವತ್ತಕ್ಕೂ ಹೆಚ್ಚು ವರ್ಷ ಜನ ಮೊಣಕಾಲೂರಿದ್ದಾರೆ. ಅವಳ ಕೊಡುಗೆಯನ್ನು ಯಾರೂ ನಟನೆ ಎನ್ನುವುದಿಲ್ಲ. ನೆಲವನ್ನು ನಂಬದೆ ಕೊಡಬಹುದಾದರೆ ಮೇಣದಬತ್ತಿ ಯಾವ ಲೆಕ್ಕ?

ಇದು ಅಷ್ಟು ಸಲೀಸಲ್ಲ ಎಂದು ಮುಂದೆ ಗೊತ್ತಾಯಿತು.

ಮೂರನೇ ದಿನದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಬಗ್ಗೆ ಹೆಚ್ಚು ಬರೆಯಲಾರೆ, ಅದನ್ನು ನೋಡಬೇಕು. ಇಟಲಿಯಿಂದ ಬಂದ ಜೆಸುಯಿಟ್ ಸಹೋದರ ಆಂಟೊನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಅವ್ವ ಕತ್ತೆತ್ತಿ ನೋಡಿ ನೋಡಿ ಕತ್ತು ನೋವೆಂದು ಕೂತಳು. ಅಲೋಶಿಯಸ್ ಎಂಬ ಸಿರಿವಂತರ ಮನೆಯ ಹುಡುಗ ಎಲ್ಲ ಬಿಟ್ಟು ಬಂದು, ರೋಮಿನಲ್ಲಿ ಪ್ಲೇಗಿನವರ ಸೇವೆ ಮಾಡುತ್ತ ತನಗೂ ರೋಗ ಅಂಟಿ 1591ರಲ್ಲಿ, 23ನೇ ವಯಸ್ಸಿಗೆ ಸತ್ತ ಕತೆ ಹೇಳಿದೆ. "ನಮ್ಮ ಮುತ್ಯಾನ ಕಾಲಕ್ಕ ಪ್ಲೇಗು ಬಂದಾಗ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕಿದ್ರಂತ. ಆವಾಗ ಯಾರೂ ಹತ್ರ ಬರ್ತಿರಲಿಲ್ಲ" ಎಂದಳು ಅವ್ವ. ನಂತರ ಮೆಲ್ಲಗೆ, "ನೀ ಹುಟ್ಟಿದ್ದೂ ಇವರ ಕೈಯಾಗ" ಎಂದಳು. ನಾನು ಹುಟ್ಟಿದ್ದು ಬೆಟಗೇರಿಯ ಮಿಶನ್ ಆಸ್ಪತ್ರೆಯಲ್ಲಿ. ಅದು ಬಾಸೆಲ್ ಮಿಶನ್ನಿನ ಪರಂಪರೆ, ಪ್ರೊಟೆಸ್ಟೆಂಟರದು, ಇವರು ಬೇರೆ, ಅವರು ಬೇರೆ ಎಂದು ವಿವರಿಸಲು ಹೋದೆ. ಅವ್ವ ಕೈ ಬೀಸಿದಳು. ಸಂಶೋಧಕಿಯ ತಿದ್ದುಪಡಿ ಅಲ್ಲಿಗೆ ಬಿದ್ದುಹೋಯಿತು.

ಆ ಸಂಜೆ ಗೆಳತಿಯ ಚಿಕ್ಕಮ್ಮನ ಜತೆ ಒಂದು ಇಗರ್ಜಿಯ ಕನ್ನಡ ಪೂಜೆಗೆ ಹೋದೆವು. ಅವ್ವನಿಗೆ ಮಾತು ತಿಳಿಯಲಿ ಎಂದು ಅವರೇ ಆರಿಸಿದ್ದು. ಅವ್ವನಿಗೆ ಬಹಳ ಹಿಡಿಸಿತು. ನಿಂತಾಗ ನಿಂತಳು, ಕೂತಾಗ ಕೂತಳು. ಪೂಜೆಯ ಕೊನೆಯ ಹೊತ್ತಿಗೆ ಜನ ಸಾಲುಗಟ್ಟಿ ಬಲಿಪೀಠದತ್ತ ನಡೆಯತೊಡಗಿದರು. ಕನ್ನಡದ ಕ್ಯಾಥೊಲಿಕರು ಆ ಗೋಧಿಯ ತೆಳು ಬಿಲ್ಲೆಗೆ ಪರಮಪ್ರಸಾದ ಎನ್ನುತ್ತಾರೆ. ಪ್ರಸಾದ ಎಂಬ ಪದ ಕಿವಿಗೆ ಬಿದ್ದ ಮೇಲೆ ಅವ್ವನನ್ನು ಕೂರಿಸುವುದುಂಟೆ? ನಾನು ನೋಡುವಷ್ಟರಲ್ಲಿ ಸೆರಗು ಸರಿಮಾಡಿಕೊಂಡು ಸಾಲಿನಲ್ಲಿ ನಿಂತಿದ್ದಳು.

ನನಗೆ ಗೊತ್ತಿತ್ತು. ದೀಕ್ಷಾಸ್ನಾನ ಪಡೆದವರಿಗೆ, ಅದರಲ್ಲೂ ಸಿದ್ಧರಾಗಿ ಬಂದ ಕ್ಯಾಥೊಲಿಕರಿಗೆ ಮಾತ್ರ ಅದು. ಅವರ ಪಾಲಿಗೆ ಅದು ರೊಟ್ಟಿಯ ತುಂಡಲ್ಲ, ಕ್ರಿಸ್ತನ ಶರೀರವೇ. ಎದ್ದು ಹೋಗಿ ಅವ್ವನ ಕೈ ಹಿಡಿದೆಳೆದರೆ ನೂರು ಜನರ ಮುಂದೆ ಅವಮಾನ. ಬಿಟ್ಟರೆ ನೂರು ಜನರ ಪವಿತ್ರವಾದದ್ದಕ್ಕೆ ಅಪಚಾರ. ನಾನು ಏನು ಮಾಡಿದೆ ಎಂದರೆ, ಏನೂ ಮಾಡಲಿಲ್ಲ. ಕೂತಲ್ಲೇ ಬೆವತೆ. ಚಿಕ್ಕಮ್ಮ ಎದ್ದರು, ಅವ್ವನ ಹಿಂದೆ ನಿಂತು ಕಿವಿಯಲ್ಲಿ ಏನೋ ಹೇಳಿ, ಅವಳ ಎರಡೂ ಕೈಗಳನ್ನು ಎದೆಯ ಮೇಲೆ ಒಂದರ ಮೇಲೊಂದು ಅಡ್ಡಲಾಗಿ ಇರಿಸಿದರು. ಗುರುಗಳು ಅವ್ವನ ಸರದಿ ಬಂದಾಗ ಆ ಕೈಗಳನ್ನು ನೋಡಿ, ಬಿಲ್ಲೆ ಕೊಡದೆ, ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದರು.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು: "ಎಲ್ಲಾರಿಗೂ ಕೊಟ್ರು, ನನಗ ಯಾಕ ಕೊಡಲಿಲ್ಲ?"

ವಿವರಿಸಿದೆ. ಅವಳು ಸ್ವಲ್ಪ ದೂರ ಸುಮ್ಮನೆ ನಡೆದಳು. "ಬಿಡು. ನಮ್ಮೂರ ಗುಡಿಯಾಗ ಎಷ್ಟ ಮಂದಿಗೆ ನಾವು ಕೊಡದ ಕಳಿಸೇವಿ. ಇವರು ತಲೀ ಮ್ಯಾಲ ಕೈಯಾದ್ರೂ ಇಟ್ರು" ಎಂದಳು.

ಈ ಮಾತು ನನ್ನ ಬಾಯಿ ಕಟ್ಟಿತು. ಎರಡೂ ಒಂದೇ ಅಲ್ಲ ಎಂದು ವಾದಿಸಬಹುದು: ನಮ್ಮಲ್ಲಿ ಹೊರಗಿಡುವುದು ಹುಟ್ಟಿನಿಂದ, ಯಾವ ದೀಕ್ಷೆಯೂ ಆ ಬಾಗಿಲು ತೆರೆಯುವುದಿಲ್ಲ, ಅಲ್ಲಿ ಒಪ್ಪಿಕೊಂಡವರಿಗೆ ಬಾಗಿಲಿದೆ. ಆ ವಾದ ಸರಿಯೇ. ಆದರೆ ಕರಾವಳಿಯ ಕ್ಯಾಥೊಲಿಕರಲ್ಲೂ ಬಾಮಣ, ಚಾರೊಡಿ ಎಂಬ ಜಾತಿಗಳು ನೀರಿನಲ್ಲಿ ಕರಗದೆ ಉಳಿದವು ಎನ್ನುವುದನ್ನೂ ಹೇಳಬೇಕಾಗುತ್ತದೆ. ಬಸವಣ್ಣನ ನಂತರವೂ ನಮ್ಮಲ್ಲಿ ಉಳಿದ ಒಳಪಂಗಡಗಳ ಹಾಗೆಯೇ. ಸ್ಥಾವರಕ್ಕೆ ಎರಗಬೇಡಿ ಎಂದವರ ಮಕ್ಕಳಾದ ನಾವು ಕಂಡ ಕಂಡ ಸ್ಥಾವರಕ್ಕೆಲ್ಲ ಎರಗುತ್ತಿದ್ದೇವೆ, ಅವ್ವನೇ ಸಾಕ್ಷಿ.

ಆದರೂ ಆ ಸಂಜೆ ನನಗೆ ಒಂದು ವ್ಯತ್ಯಾಸ ತಿಳಿಯಿತು. ಗುರುಗಳು ಬಿಲ್ಲೆ ತೋರಿಸಿ 'ಕ್ರಿಸ್ತರ ಶರೀರ' ಎನ್ನುತ್ತಾರೆ, ಪಡೆಯುವವರು 'ಆಮೆನ್' ಎನ್ನುತ್ತಾರೆ. ಅದು ಒಂದು ಹೇಳಿಕೆ, ಮತ್ತು ಅದಕ್ಕೆ ಹಾಕುವ ರುಜು. ಒಪ್ಪದವರು ರುಜು ಹಾಕಿದರೆ ಸುಳ್ಳಾಗುತ್ತದೆ. ನಾನು ಆ ಸಾಲಿನಲ್ಲಿ ನಿಂತರೆ, ಎಷ್ಟೇ ಗೌರವದಿಂದ ನಿಂತರೂ, ಅದು ಸುಳ್ಳೇ. ಅವ್ವ ನಿಂತದ್ದು ಸುಳ್ಳಲ್ಲ, ತಿಳಿಯದ್ದು. ಆದರೆ ತಲೆ ಬಾಗಿಸುವುದು, ಚಪ್ಪಲಿ ಬಿಡುವುದು, ನೆಲ ಕೊಡುವುದು, ದೀಪ ಹಚ್ಚುವುದು ಏನನ್ನು ಸಾಧಿಸಿ ಹೇಳುತ್ತವೆ? ಹಿರಿಯರು ಬಂದಾಗ ಎದ್ದು ನಿಲ್ಲುತ್ತೇವೆ. ಅವರು ಹೇಳಿದ್ದೆಲ್ಲ ನಿಜವೆಂದು ಅದರರ್ಥವಲ್ಲ. ಕೆಲವು ಸನ್ನೆಗಳು ರುಜು, ಕೆಲವು ನಮಸ್ಕಾರ. ಎರಡನ್ನೂ ಒಂದೇ ಎಂದುಕೊಂಡೇ ನಾನು ಇಷ್ಟು ವರ್ಷ ಅಡುಗೆಮನೆಗೆ ಓಡುತ್ತಿದ್ದೆನೇನೋ.

ಒಂದೇ ಎಂದುಕೊಂಡ ಅಧಿಕಾರ ಏನು ಮಾಡುತ್ತದೆ ಎನ್ನುವುದಕ್ಕೆ ಈ ಊರಿನ ಕ್ಯಾಥೊಲಿಕರ ಚರಿತ್ರೆಯೇ ಇದೆ. ಸ್ಪೇನಿನ ಧರ್ಮವಿಚಾರಣೆ ತನ್ನ ಮೊದಲ ಬೆಂಕಿ ಹಚ್ಚಿದ್ದು 1481ರಲ್ಲಿ, ಅದೇ ಸೆವಿಲ್‌ನಲ್ಲಿ. ಕ್ರೈಸ್ತರಾದ ಯಹೂದಿಗಳು ಒಳಗೊಳಗೇ ಹಳೆಯ ಧರ್ಮದಲ್ಲಿದ್ದಾರೆಯೇ ಎಂದು ಪತ್ತೆ ಮಾಡುವುದು ಅದರ ಕೆಲಸ. ಮನಸ್ಸಿನೊಳಗೆ ಇಳಿದು ನೋಡಲಾಗದ್ದರಿಂದ ಸನ್ನೆಗಳನ್ನು ನೋಡಿದರು: ಶನಿವಾರ ಮಡಿಬಟ್ಟೆ ಉಟ್ಟವರಾರು, ಹಂದಿಯ ಮಾಂಸ ಬೇಡವೆಂದವರಾರು. ಪೋರ್ಚುಗೀಸರು ಅಂಥದೇ ವಿಚಾರಣೆಯನ್ನು 1560ರಲ್ಲಿ ಗೋವೆಗೆ ತಂದರು. 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಅದು ನಡೆಯಿತು. 1736ರ ಆಜ್ಞೆಯಲ್ಲಿ ಗೋವೆಯ ಕ್ರೈಸ್ತರು ಧೋತರ ಉಡಬಾರದು, ತುಳಸಿ ನೆಡಬಾರದು ಎಂಬಂಥ ಮಾತುಗಳಿವೆ. ತುಳಸಿಗಿಡವೇ ಅಪರಾಧದ ರುಜುವಾತು. ಮಂಗಳೂರಿನ ಕ್ಯಾಥೊಲಿಕರ ಹಿರಿಯರಲ್ಲಿ ಹಲವರು ಗೋವೆ ಬಿಟ್ಟು ಕೆನರಾಕ್ಕೆ ಬಂದದ್ದಕ್ಕೆ ಬರ, ತೆರಿಗೆ, ಮರಾಠರ ದಾಳಿಗಳಂತೆ ಇದೂ ಒಂದು ಕಾರಣ. ಬಂದ ಮೇಲೆ 1784. ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಲ್ಲಿ ಟಿಪ್ಪು ಸುಲ್ತಾನ ಸಾವಿರಾರು ಕ್ಯಾಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ರೊಸಾರಿಯೊ, ಮಿಲಾಗ್ರಿಸ್ ಎರಡೂ ಆಗ ಕೆಡವಲ್ಪಟ್ಟವು. ಸೆರೆಯಲ್ಲಿ ಅನೇಕರನ್ನು ಬಲವಂತವಾಗಿ ಮತಾಂತರಿಸಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಮರಳಿ ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು.

ಸೆರೆಯಲ್ಲಿದ್ದು ತಮ್ಮದಲ್ಲದ ಪ್ರಾರ್ಥನೆಗೆ ಬಾಗಿದವರನ್ನು ಸುಳ್ಳುಗಾರರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಕತ್ತಿಯ ಕೆಳಗೆ ಹಾಕಿಸಿದ ರುಜು ಹಾಕಿಸಿದವನದು, ಹಾಕಿದವನದಲ್ಲ. ಅದೇ ಕಾರಣಕ್ಕೆ, ಯಾರೂ ಬಲವಂತ ಮಾಡದ ನನ್ನಂಥವಳ ರುಜು ಪೂರ್ತಿ ನನ್ನದೇ ಆಗುತ್ತದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಸ್ಪೇನಿನ ಉನಾಮುನೊ 1931ರಲ್ಲಿ ಸಾನ್ ಮಾನುವೆಲ್ ಎಂಬ ಹಳ್ಳಿಯ ಪಾದ್ರಿಯ ಕತೆ ಪ್ರಕಟಿಸಿದ. ಆ ಪಾದ್ರಿಗೆ ಸತ್ತ ಮೇಲಿನ ಬದುಕಿನಲ್ಲಿ ನಂಬಿಕೆಯಿಲ್ಲ. ಊರಿನವರ ನೆಮ್ಮದಿ ಕೆಡಬಾರದೆಂದು ಕೊನೆಯವರೆಗೂ ಹೇಳುವುದಿಲ್ಲ. ಹಾಸ್ಟೆಲ್ಲಿನಲ್ಲಿ ಇದನ್ನು ಓದಿ ನಾವು ಜಗಳಾಡಿದ್ದೆವು. ಅವನು ಸಂತ ಎಂದು ಗೆಳತಿ, ಮೋಸಗಾರ ಎಂದು ನಾನು. ಈಗಲೂ ನನಗೆ ಅವನ ಬಗ್ಗೆ ಅಸಮಾಧಾನವಿದೆ. ಆ ಊರವರಿಗೆ ಅವನ ಸಂಶಯವನ್ನು ಹೊರುವ ಶಕ್ತಿ ಇರಲಿಲ್ಲವೆಂದು ನಿರ್ಧರಿಸಲು ಅವನು ಯಾರು? ಅವ್ವನಿಗೆ ಹಚ್ಚದೆ ಹಚ್ಚಿದೆ ಎಂದರೆ ನಾನೂ ಅದನ್ನೇ ಮಾಡಿದಂತೆ. ನಾನು ನಂಬುವುದಿಲ್ಲವೆಂದು ಅವ್ವನಿಗೆ ಗೊತ್ತು. ಗೊತ್ತಿದ್ದೂ ನನ್ನ ಕೈಗೇ ಈ ಕೆಲಸ ಕೊಟ್ಟಿದ್ದಾಳೆ. ಅವಳು ಕೇಳಿದ್ದು ನನ್ನ ನಂಬಿಕೆಯನ್ನಲ್ಲ, ಹನ್ನೊಂದು ಬತ್ತಿಗಳನ್ನು.

ಉತ್ತರ ಬೇಕಾದಷ್ಟು ಸಲ ನನ್ನ ಮೇಜಿನ ಮೇಲೇ ಇತ್ತು. ನನ್ನ ಸಂಶೋಧನೆ ಗದಗ ಸೀಮೆಯ ದಾನಶಾಸನಗಳ ಮೇಲೆ. ನಮ್ಮೂರಿಂದ ದೂರವಲ್ಲದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಶಾಸನ 1007ರದು. ದಾನಶಾಸನಗಳ ಕೊನೆಗೆ ಬರುವ ಸಿದ್ಧ ಮಾತುಗಳನ್ನು ಓದಿ ಓದಿ ನನಗೆ ಬೇಸರ ಬಂದಿದೆ: ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಸಿದವನು 60,000 ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ, ದಾನ ಮತ್ತು ಪಾಲನೆ ಎರಡರಲ್ಲಿ ಪಾಲನೆಯೇ ಮೇಲು. ಇವನ್ನು ನಾನು ಟಿಪ್ಪಣಿಯಲ್ಲಿ 'ರೂಢಿಯ ಶಾಪಾಶಯ' ಎಂದು ಒಂದು ಸಾಲಿನಲ್ಲಿ ಮುಗಿಸುತ್ತೇನೆ. ಆದರೆ ಆ ಮಾತು ಯಾರಿಗೆ ಹೇಳಿದ್ದು? ಮುಂದೆ ಬರುವವರಿಗೆ. ಅವರು ಯಾವ ದೇವರನ್ನು ನಂಬುತ್ತಾರೋ ಬರೆಸಿದವರಿಗೆ ಗೊತ್ತಿಲ್ಲ. ಜಿನಾಲಯದ ದಾನವನ್ನು ಶೈವ ಅರಸನೂ ಕಾಯಬೇಕು, ಶಿವಾಲಯದ್ದನ್ನು ಜೈನ ದಂಡನಾಯಕನೂ ಕಾಯಬೇಕು. ಇನ್ನೊಬ್ಬರು ಕೊಟ್ಟ ಮಾತನ್ನು ಉಳಿಸಲು ಆ ದೇವರನ್ನು ನಂಬಬೇಕೆಂಬ ಷರತ್ತು ಆ ಕಲ್ಲುಗಳಲ್ಲಿ ಇಲ್ಲ. ಅವ್ವನ ಹರಕೆ ನನ್ನ ಪಾಲಿಗೆ ಪರದತ್ತ. ನೂರಾರು ಪುಟ ಟಿಪ್ಪಣಿ ಮಾಡಿದವಳಿಗೆ ಇದು ಹೊಳೆಯಲು ಫೋನು ಬರಬೇಕಾಯಿತು.

ಒಂದು ಅಳುಕು ಉಳಿದಿತ್ತು. ನಮಸ್ಕಾರವೆಂದು ನಾನು ಮಾಡುವುದನ್ನು ಅಲ್ಲಿ ಪ್ರಾರ್ಥಿಸುವವರು ರುಜು ಎಂದುಕೊಂಡರೆ? ಗೆಳತಿಯನ್ನು ಕೇಳಿದೆ. ಅವಳು ನಕ್ಕಳು. "ಅಲ್ಲಿ ಬರುವ ನಮ್ಮವರೆಲ್ಲ ನಂಬಿ ಬರುತ್ತಾರೆ ಅಂದುಕೊಂಡಿದ್ದೀಯಾ ಮಾರಾಯ್ತಿ? ನಾನೇ ಎಷ್ಟೋ ಭಾನುವಾರ ಮಮ್ಮಿಗೋಸ್ಕರ ಹೋಗ್ತೇನೆ." ಸ್ವಲ್ಪ ಹೊತ್ತು ಬಿಟ್ಟು, "ಪೂಜೆ ನಡೆಯುವಾಗ ಹೋಗಬೇಡ. ಫೋನು ಹೊರಗೆ ತೆಗೆಯಬೇಡ. ಅಷ್ಟು ಮಾಡು" ಎಂದಳು. ನಾಲ್ಕು ದಿನ ನಾನು ಓದಿ ಹುಡುಕಿದ ನೀತಿಶಾಸ್ತ್ರಕ್ಕಿಂತ ಈ ಎರಡು ಸೂಚನೆಗಳು ಹೆಚ್ಚು ಉಪಯೋಗಕ್ಕೆ ಬಂದವು.

ಗುರುವಾರ ಮಧ್ಯಾಹ್ನ ಮಿಲಾಗ್ರಿಸ್‌ಗೆ ಹೋದೆ. ಹಂಪನಕಟ್ಟೆಯಲ್ಲಿ ಬಸ್ಸಿಳಿದು ಅಂಗಡಿಯಲ್ಲಿ ಮೇಣದಬತ್ತಿ ಕೇಳಿದರೆ ಡಜನ್ನಿನ ಕಟ್ಟು ಕೊಟ್ಟರು. ಹನ್ನೊಂದು ಸಾಕು ಎಂದೆ. ಬಿಡಿ ಇಲ್ಲವೆಂದರು. ಹನ್ನೆರಡನೆಯದನ್ನು ಚೀಲದಲ್ಲಿಟ್ಟುಕೊಂಡೆ. ಚಪ್ಪಲಿಯನ್ನು, ಅವ್ವನ ನೆನಪಿಗೆ, ಕಳಚಿ ಬದಿಗಿಟ್ಟೆ. ಅಲ್ಲಿ ಆಗಲೇ ಏಳೆಂಟು ಬತ್ತಿಗಳು ಅರ್ಧ ಉರಿದು ನಿಂತಿದ್ದವು. ಯಾರ ಗಂಟುಗಳೋ, ಯಾರ ಪರೀಕ್ಷೆಗಳೋ. ಬೆಂಕಿಪೊಟ್ಟಣ ತಂದಿರಲಿಲ್ಲ. ಬೇರೆಯವರ ಬತ್ತಿಯಿಂದ ಹಚ್ಚಬಹುದೋ ಬಾರದೋ ಎಂದು ನಿಂತೆ. ಪಕ್ಕದಲ್ಲಿ ಜಪಮಾಲೆ ಎಣಿಸುತ್ತಿದ್ದ ಅಜ್ಜಿಯೊಬ್ಬರು ಎಣಿಕೆ ನಿಲ್ಲಿಸದೆ ಗಲ್ಲದಿಂದಲೇ ಹಚ್ಚು ಎಂದು ತೋರಿಸಿದರು. ಹಚ್ಚಿದೆ. ಗಾಳಿಗೆ ಐದನೆಯದು ಎರಡು ಸಲ ಆರಿತು. ಕಾಯಬೇಕಾಯಿತು. ಕಾಯುವಾಗ ಆ ನಾಲ್ಕು ದಿನಗಳು ನೆನಪಾದವು. ವರದಿ ಬೇರೆ ಥರ ಬಂದಿದ್ದರೆ ನಾನು ಯಾರನ್ನು ಕೇಳುತ್ತಿದ್ದೆ ಎಂದು ಯೋಚಿಸಿದೆ. ಉತ್ತರ ಸಿಗಲಿಲ್ಲ. ಕೈ ಮುಗಿಯಲಿಲ್ಲ; ತಲೆ ಬಾಗಿಸಿ ನಿಂತೆ, ಹನ್ನೊಂದೂ ನೆಟ್ಟಗೆ ಹೊತ್ತಿಕೊಳ್ಳುವವರೆಗೆ.

ಹೊರಗೆ ಬಂದು ಅವ್ವನಿಗೆ ಫೋನು ಮಾಡಿದೆ.

"ಹಚ್ಚಿದಿ?"

"ಹಚ್ಚೀನಿ. ಹನ್ನೊಂದೂ ಉರಿಯಾಕತ್ತಾವ."

"ಕೈ ಮುಗದಿ?"

"ಇಲ್ಲಬೇ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಟ್ರ್ಯಾಕ್ಟರಿನ ಸದ್ದೂ ಇರಲಿಲ್ಲ.

"ಇರಲಿ. ಅದನ್ನ ನಾ ಇಲ್ಲಿಂದ ಮುಗದೇನಿ" ಎಂದಳು ಅವ್ವ. "ಊಟಾ ಮಾಡಿಯೋ ಇಲ್ಲೋ?"